ಕಲ್ಲುನೆಲದಲ್ಲಿ ಹಣ್ಣಿನ ತೋಟ: ನೆಟ್ಟು ಗೆಲ್ಲುವವರಿಗೆ 13 ಸೂತ್ರಗಳು

ಚಳ್ಳಕೆರೆ, ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಎಲ್ಲೋ ಒಂದು ಕಡೆ ನಿಮ್ಮ ಹೆಸರಿನಲ್ಲಿ 10 ಗುಂಟೆಯ ಪಹಣಿ ಇದೆ. ಅಪ್ಪನಿಂದ ಬಂದದ್ದಿರಬಹುದು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದ ಮೇಲೆ ಸಂಬಳ ಉಳಿಸಿ ನೀವೇ ಕೊಂಡದ್ದಿರಬಹುದು. ಮೇಲೆ ನೊರಜುಗಲ್ಲು, ಅರ್ಧ ಅಡಿ ಕೆಳಗೆ ಗರಸು, ಅದರಡಿ ಹಾರೆ ಹಾಕಿದರೆ ಠಣ್ ಎನ್ನುವ ಬಂಡೆ. "ಅಲ್ಲೇನ್ ಬೆಳೀತದೆ ಸ್ವಾಮಿ, ಬರೀ ತಂಗಡಿ ಗಿಡ" ಎಂದು ಊರಿನವರು ಹೇಳಿದರು. ನೀವು ತಲೆಯಾಡಿಸಿದಿರಿ. ಐದು ವರ್ಷ ಆ ಕಡೆ ಹೋಗಲಿಲ್ಲ.

ಆ ಅಭ್ಯಾಸ ಇವತ್ತೇ ಬಿಡಿ. ವಾರಕ್ಕೆ ಐದು ದಿನ ಆಫೀಸು, ತೋಟಕ್ಕೆ ಭಾನುವಾರ ಮಾತ್ರ, ಬೋರ್‌ವೆಲ್ ಇಲ್ಲ, ಆಳು ಸಿಗುವುದಿಲ್ಲ: ಇಷ್ಟೆಲ್ಲ ಇದ್ದೂ ಆಗುವ ಕೆಲಸವಿದು. ಒಮ್ಮೆ ನೆಟ್ಟರೆ ವರ್ಷಾನುಗಟ್ಟಲೆ ಫಲ ಕೊಡುವ ಗಿಡಗಳನ್ನೇ ಹಾಕಿ. ಮೊದಲ ಮೂರು ಬೇಸಿಗೆ ದಾಟಿಸಿ. ಆಮೇಲೆ ನೀರು ಹೊರುವ ಕೆಲಸ ಬಹುಪಾಲು ನಿಲ್ಲುತ್ತದೆ. ಗುಜರಾತಿನ ವನ್ಸದಾದಲ್ಲಿ ಬೈಫ್ ಸಂಸ್ಥೆ 1982ರಲ್ಲಿ ಶುರುಮಾಡಿದ 'ವಾಡಿ' ಪದ್ಧತಿ ಇದೇ ಧೈರ್ಯದ ಮೇಲೆ ನಿಂತಿದ್ದು. ಬಡ ಆದಿವಾಸಿ ಕುಟುಂಬಗಳ ಒಂದೊಂದು ಎಕರೆ ಕೊರಕಲು ಭೂಮಿಯಲ್ಲಿ ಹಣ್ಣಿನ ಗಿಡ, ಸುತ್ತ ಕಾಡುಮರ. ಅವರಿಗೆ ಸಾಧ್ಯವಾಗಿದ್ದು ಸಂಬಳ ಬರುವ ನಿಮಗೆ ಆಗುವುದಿಲ್ಲ ಎನ್ನಬೇಡಿ.

1. ಜೆಸಿಬಿ ಕರೆಸಬೇಡಿ

ನೆಲ ಸಮತಟ್ಟು ಮಾಡಿಸಿ, ಕಲ್ಲೆಲ್ಲ ಆಚೆ ತಳ್ಳಿಸಿ, 'ಕ್ಲೀನ್' ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ತಡೆಯಿರಿ. ಇಂಥ ಭೂಮಿಯಲ್ಲಿ ಜೀವ ಇರುವುದು ಮೇಲಿನ ನಾಲ್ಕೈದು ಇಂಚಿನಲ್ಲಿ. ಬಕೆಟ್ ಒಮ್ಮೆ ಬಾಯಿ ಹಾಕಿದರೆ ಆ ಮಣ್ಣು ಕೆಳಗೆ, ಸತ್ತ ಗರಸು ಮೇಲೆ.

10 ಗುಂಟೆಯನ್ನೂ ಫಲವತ್ತು ಮಾಡುವ ಹಟ ಬೇಡ. 15–16 ಅಡಿಗೆ ಒಂದರಂತೆ ಇಟ್ಟರೆ ಇಲ್ಲಿ ಹಿಡಿಯುವುದು ಸುಮಾರು 40 ಗಿಡ. ಮೂರಡಿ ಅಗಲದ 40 ಗುಂಡಿ ಎಂದರೆ ಒಟ್ಟು ನೆಲದ ನೂರಕ್ಕೆ ಮೂರು ಚಿಲ್ಲರೆ ಪಾಲು. ನಿಮ್ಮ ಟಾರ್ಗೆಟ್ ಅಷ್ಟೇ. ದುಡ್ಡು, ಗೊಬ್ಬರ, ಬೆವರು ಎಲ್ಲ ಅಲ್ಲಿಗೇ ಹೋಗಲಿ. ಮಿಕ್ಕ ನೆಲವನ್ನು ಮರಗಳೇ ಎಲೆ ಉದುರಿಸಿ ನಿಧಾನವಾಗಿ ಸರಿಮಾಡುತ್ತವೆ.

2. ಮೊದಲು ನೆಲ ಓದಿ

ಈಗಾಗಲೇ ಅಲ್ಲಿ ಏನು ಬೆಳೆದಿದೆ ನೋಡಿ, ಪಟ್ಟಿ ಮಾಡಿ. ತಂಗಡಿ, ಬಂದರಿಕೆ, ಕಾರೆ ಮಾತ್ರ ಇದ್ದರೆ ಮಣ್ಣು ತೆಳು, ನೀರು ಬೇಗ ಇಳಿದುಹೋಗುತ್ತದೆ. ಎಲ್ಲಾದರೂ ಹೊಂಗೆಯೋ ಬೇವೋ ತಾನಾಗಿ ಎದ್ದಿದ್ದರೆ ಅದರ ಅಡಿಯಲ್ಲಿ ಬೇರಿಗೆ ದಾರಿಯಿದೆ, ಬಂಡೆ ಬಿರುಕು ಬಿಟ್ಟಿದೆ. ನಿಮ್ಮ ದೊಡ್ಡ ಮರಗಳ ಜಾಗ ಅಲ್ಲೇ ಅಕ್ಕಪಕ್ಕ.

ಹಾರೆ ತೆಗೆದುಕೊಂಡು ಇಡೀ ಜಾಗ ಸುತ್ತಿ ಚುಚ್ಚಿ ನೋಡಿ. ಅನುಮಾನ ಬಂದ ಕಡೆ ಒಂದಡಿ ಗುಂಡಿ ತೋಡಿ ಎರಡು ಬಕೆಟ್ ನೀರು ಸುರಿಯಿರಿ. ಮರುದಿನವೂ ನೀರು ನಿಂತಿದ್ದರೆ ಕೆಳಗೆ ಬಿರುಕಿಲ್ಲದ ಹಾಸುಬಂಡೆ ಇದೆ. ಗುಂಡಿಯನ್ನು ನಾಲ್ಕಡಿ ಆಚೆ ಸರಿಸಿ. ಪ್ಲಾನ್ ಪೇಪರಿನ ಮೇಲೆ ಸಾಲು ನೇರ ಇರಲೇಬೇಕೆಂದು ಯಾರೂ ಹೇಳಿಲ್ಲ.

ಹಿಡಿ ಮಣ್ಣನ್ನು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಟೆಸ್ಟ್ ಮಾಡಿಸಿ. ನೋಡಬೇಕಾದ್ದು ಮುಖ್ಯವಾಗಿ ಪಿಎಚ್. ಬಿಳಿ ಸುಣ್ಣದ ಉಂಡೆಗಳಿರುವ ಜಾಗವಾದರೆ ನಿಂಬೆ, ಮಾವು ಕಷ್ಟಪಡುತ್ತವೆ; ನೆಲ್ಲಿ, ಎಲಚಿ ತಡೆದುಕೊಳ್ಳುತ್ತವೆ.

3. ಮಳೆಯನ್ನು ಲೀಟರಿನಲ್ಲಿ ಎಣಿಸಿ

"ನಮ್ಮ ಕಡೆ ಮಳೆಯೇ ಇಲ್ಲ" ಎನ್ನುವವರು ಲೆಕ್ಕ ಮಾಡಿರುವುದಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಎಂದು ಹಿಡಿದರೂ 10 ಗುಂಟೆಗೆ 6 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 100 ಟ್ಯಾಂಕರ್, ಬಿಲ್ ಇಲ್ಲದೆ. ತೊಂದರೆ ಇರುವುದು ಒಂದೇ: ನಾಲ್ಕು ದೊಡ್ಡ ಮಳೆಯಲ್ಲಿ ಬಂದು ಅರ್ಧ ಗಂಟೆಯಲ್ಲಿ ಪಕ್ಕದವರ ಹೊಲಕ್ಕೆ ಹರಿದುಹೋಗುತ್ತದೆ. ಹೋಗುವಾಗ ನಿಮ್ಮ ಮಣ್ಣನ್ನೂ ಒಯ್ಯುತ್ತದೆ.

ತಡೆಯುವುದು ಹೀಗೆ. ಆರಡಿಯ ಎರಡು ಗಳು ತೆಗೆದುಕೊಳ್ಳಿ. ತುದಿ ಸೇರಿಸಿ ಕಟ್ಟಿ, ನಡುವೆ ಅಡ್ಡಗೋಲು ಬಿಗಿಯಿರಿ. ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಡಿ. ಇದೇ ಎ-ಫ್ರೇಮ್. ಎರಡೂ ಕಾಲು ಒಂದೇ ಮಟ್ಟದಲ್ಲಿ ನಿಂತಾಗ ದಾರ ಅಡ್ಡಗೋಲಿನ ಮಧ್ಯದ ಗುರುತಿಗೆ ಬರುತ್ತದೆ. ಕಾಲು ಕಾಲು ತಿರುಗಿಸುತ್ತಾ ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಗೆರೆ ಗುರುತು ಮಾಡಿಕೊಳ್ಳಿ. ಖರ್ಚು ನೂರು ರೂಪಾಯಿಯೂ ಆಗದು. ಸರ್ವೆಯವರ ಯಂತ್ರ ಮಾಡುವ ಕೆಲಸವನ್ನು ಇಷ್ಟು ಸಣ್ಣ ಜಾಗದಲ್ಲಿ ಇದು ಸಾಕಷ್ಟು ಚೆನ್ನಾಗಿಯೇ ಮಾಡುತ್ತದೆ.

ಆ ಗೆರೆಯ ಮೇಲೆ ಒಂದೂವರೆ ಅಡಿ ಅಗಲ, ಒಂದಡಿ ಆಳದ ಟ್ರೆಂಚ್ ತೆಗೆಯಿರಿ. ತೆಗೆದ ಮಣ್ಣು ಕೆಳಮಗ್ಗುಲಲ್ಲಿ ಬದುವಾಗಲಿ. ಗಿಡ ಬದುವಿನ ಕೆಳಗೆ ಬರಲಿ, ಇಂಗಿದ ನೀರು ಬೇರಿಗೆ ಸಿಗುತ್ತದೆ. ಬಂಡೆ ಅಡ್ಡ ಬಂದು ಟ್ರೆಂಚ್ ಆಗದ ಕಡೆ ಒಂದೊಂದು ಗಿಡದ ಕೆಳಮಗ್ಗುಲಿಗೆ ಕಲ್ಲಿನ ಅರ್ಧಚಂದ್ರ ಕಟ್ಟಿ, ಬಾಯಿ ಏರಿನ ಕಡೆಗೆ. ಮತ್ತೆ, ನಮ್ಮ ಕೆರೆ ಕಟ್ಟಿದವರು ಎಂದೂ ಮರೆಯದ ಒಂದನ್ನು ನೀವೂ ಮರೆಯಬೇಡಿ: ಕೋಡಿ. ಪ್ರತಿ ಟ್ರೆಂಚಿನ ಒಂದು ತುದಿಯಲ್ಲಿ ಕಲ್ಲು ಹಾಸಿದ ತಗ್ಗು ದಾರಿ ಬಿಡಿ. ಹೆಚ್ಚಾದ ನೀರು ಅಲ್ಲಿಂದ ಕೆಳಗಿನ ಟ್ರೆಂಚಿಗೆ ಇಳಿಯಲಿ. ಕೋಡಿ ಇಲ್ಲದ ಬದು ಚಿತ್ತೆ ಮಳೆಯ ಒಂದೇ ರಾತ್ರಿಗೆ ಒಡೆಯುತ್ತದೆ.

4. ಕಲ್ಲನ್ನು ಹೊರಗೆ ಸಾಗಿಸಬೇಡಿ

ದುಡ್ಡು ಕೊಟ್ಟು ಕಲ್ಲು ಎತ್ತಿಸಿ, ಮತ್ತೆ ದುಡ್ಡು ಕೊಟ್ಟು ಮಲ್ಚಿಂಗ್ ಶೀಟ್ ತರುವವರನ್ನು ನೋಡಿದ್ದೇನೆ. ಕಲ್ಲೇ ಮಲ್ಚ್. ಗಿಡದ ಸುತ್ತ ಅಂಗೈ ಗಾತ್ರದ ಕಲ್ಲು ಹಾಸಿದರೆ ತೇವ ಆರುವುದು ಕಡಿಮೆ, ಮಳೆಹನಿಯ ಪೆಟ್ಟಿಗೆ ಮಣ್ಣು ಕದಡುವುದಿಲ್ಲ. ಕಾಂಡದಿಂದ ಒಂದು ಗೇಣು ದೂರವಿಡಿ. ಪಡುವಣ ಮಗ್ಗುಲಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಜೋಡಿಸಿದರೆ ಎಳೆ ಸಸಿಗೆ ಸಂಜೆ ಬಿಸಿಲಿನ ಕಾಟ ತಪ್ಪುತ್ತದೆ.

5. ಗಿಡಕ್ಕಿಂತ ಮೊದಲು ಬೇಲಿ, ಬೇಲಿಗಿಂತ ಮೊದಲು ಮಾತು

ಬಯಲುಸೀಮೆಯಲ್ಲಿ ತೋಟಗಳನ್ನು ಬರಕ್ಕಿಂತ ಹೆಚ್ಚಾಗಿ ಮೇಕೆ ಕೊಲ್ಲುತ್ತದೆ. ನಿಮ್ಮ ಪಾಳು ಜಾಗದಲ್ಲಿ ವರ್ಷಗಳಿಂದ ಕುರಿ ಮೇಯಿಸಿಕೊಂಡು ಬಂದವರಿದ್ದಾರೆ. ಒಂದು ಭಾನುವಾರ ಹೋಗಿ ಅವರ ಜೊತೆ ಕೂತು ಮಾತಾಡಿ. "ಅಣ್ಣ, ಈ ಸಲ ಗಿಡ ಇಡ್ತಿದೀನಿ, ನೀವೇ ಒಂದು ಕಣ್ಣಿಟ್ಟಿರಿ" ಎಂದರೆ ಮುಳ್ಳುತಂತಿ ಮಾಡದ ಕೆಲಸ ಆಗುತ್ತದೆ. ಅದೇ ಬಾಯಲ್ಲಿ ಇನ್ನೊಂದು ಕೇಳಿ: ಬೇಸಿಗೆಯಲ್ಲಿ ನಾಲ್ಕು ರಾತ್ರಿ ಕುರಿಮಂದೆಯನ್ನು ನಿಮ್ಮ ನೆಲದಲ್ಲಿ ನಿಲ್ಲಿಸಲಿ. ರಾತ್ರಿಗಿಷ್ಟು ಎಂದು ದುಡ್ಡೋ ರಾಗಿಯೋ ಕೊಡಿ. ಹಿಕ್ಕೆ, ಗಂಜಲ ಎರಡೂ ನೇರ ನೆಲಕ್ಕೆ. ಲಾರಿ ಬಾಡಿಗೆ ಇಲ್ಲ, ಹೊರುವ ಕೂಲಿ ಇಲ್ಲ.

ಬೇಲಿಯನ್ನು ತಿನ್ನುವ ಗಿಡದಲ್ಲೇ ಕಟ್ಟಿ. ಕವಳೆ ಹಾಕಿ. ಮುಳ್ಳಿದೆ, ಬರಕ್ಕೆ ಹೆದರುವುದಿಲ್ಲ, ಕಾಯಿ ಉಪ್ಪಿನಕಾಯಿಗೆ, ಹಣ್ಣು ಬಾಯಿಗೆ. ಮೂರಡಿಗೆ ಒಂದರಂತೆ ನೆಟ್ಟು ಎರಡು ವರ್ಷ ಚಿಗುರು ಕತ್ತರಿಸುತ್ತಾ ಬಂದರೆ ಗಿಡ ಒತ್ತಾಗುತ್ತದೆ. ಅಲ್ಲಿಯವರೆಗೆ ಒಣ ಜಾಲಿಮುಳ್ಳು ಸಾಕು.

6. ಗುಂಡಿಗೆ ಡೆಡ್‌ಲೈನ್: ಏಪ್ರಿಲ್

ಮಳೆ ಬಂದ ಮೇಲೆ ಗುಂಡಿ ತೆಗೆಯುವವರು ಒಂದು ವರ್ಷ ಕಳೆದುಕೊಳ್ಳುತ್ತಾರೆ. ಮಾರ್ಚ್–ಏಪ್ರಿಲ್‌ನಲ್ಲಿ ಮುಗಿಸಿ. ಮೂರಡಿ ಅಗಲ, ಎರಡಡಿ ಆಳ ಸಾಕು. ಬಂಡೆ ಸಿಕ್ಕರೆ ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಿ. ಮೇಲ್ಮಣ್ಣು ಒಂದು ಪಕ್ಕ, ಗರಸು ಇನ್ನೊಂದು ಪಕ್ಕ. ಒಂದು ತಿಂಗಳು ಬಿಸಿಲಿಗೆ ಬಿಡಿ.

ತುಂಬಲು ಅತ್ಯುತ್ತಮ ಸರಕು ಊರಿನಲ್ಲೇ ಇದೆ: ಕೆರೆಗೋಡು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಪಂಚಾಯಿತಿಯಲ್ಲಿ ಕೇಳಿ, ಎರಡು ಟ್ರ್ಯಾಕ್ಟರ್ ಲೋಡ್ ಹೊಡೆಸಿ. ನೂರಾರು ಎಕರೆಯಿಂದ ಕೊಚ್ಚಿಬಂದ ಮೇಲ್ಮಣ್ಣೇ ಅದು. ಗುಂಡಿಗೆ ಮೇಲ್ಮಣ್ಣು, ಎರಡು ಬಾಣಲಿ ಗೋಡು, ಎರಡು ಬಾಣಲಿ ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಅರ್ಧ ಕೆಜಿ ಬೇವಿನ ಹಿಂಡಿ.

ಇಲ್ಲೊಂದು ಎಚ್ಚರ. ಗುಂಡಿಗೆ ಬರೀ ಒಳ್ಳೆಯ ಮಣ್ಣು ತುಂಬಿದರೆ ಅದು ನೆಲದಲ್ಲಿ ಹೂತ ಹೂಕುಂಡವಾಗುತ್ತದೆ. ಬೇರು ಅಲ್ಲೇ ಸುತ್ತಿಕೊಂಡು ಆಚೆಯ ಗರಸಿಗೆ ಇಳಿಯುವುದಿಲ್ಲ. ಮೂರನೇ ವರ್ಷ ನೀರು ನಿಲ್ಲಿಸಿದ ದಿನ ಗಿಡ ಒಣಗುತ್ತದೆ. ಆದ್ದರಿಂದ ತೆಗೆದ ಗರಸಿನಲ್ಲಿ ಮೂರನೇ ಒಂದು ಪಾಲು ವಾಪಸ್ ಬೆರೆಸಿ. ತಳ, ಗೋಡೆ ಎರಡನ್ನೂ ಹಾರೆಯಿಂದ ಒರಟೊರಟಾಗಿ ಬಿಡಿಸಿ.

7. ಈ ನೆಲಕ್ಕೆ ಒಗ್ಗುವ ಪಟ್ಟಿ ಬರೆಯಿರಿ

ಇಡೀ ಪ್ರಾಜೆಕ್ಟಿನ ಗೆಲುವು ಸೋಲು ಇಲ್ಲಿ ತೀರ್ಮಾನವಾಗುತ್ತದೆ. ಮೊಬೈಲಿನಲ್ಲಿ ಬೆಣ್ಣೆಹಣ್ಣು, ರಂಬುಟಾನ್, ಮ್ಯಾಂಗೋಸ್ಟೀನ್ ನೋಡಿ ಆರ್ಡರ್ ಮಾಡುವವರ ದುಡ್ಡು ಗರಸಿನಲ್ಲಿ ಕರಗುತ್ತದೆ. ಆ ಗಿಡಗಳಲ್ಲಿ ದೋಷವಿಲ್ಲ. ಅವು ತೇವದ ನೆಲಕ್ಕೆ ಹುಟ್ಟಿದವು.

ಒಣನೆಲ ಏನು ಸಾಕಬಲ್ಲದು ಎಂದು ಸಂಶಯವಿದ್ದರೆ ದೇವನಹಳ್ಳಿ ಹತ್ತಿರದ ನಲ್ಲೂರಿಗೆ ಒಂದು ಬೆಳಿಗ್ಗೆ ಹೋಗಿಬನ್ನಿ. ಐವತ್ತಕ್ಕೂ ಹೆಚ್ಚು ಎಕರೆಯ ಆ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ತಲೆಮಾರುಗಳನ್ನು ಕಂಡ ಮರಗಳು. ಡ್ರಿಪ್ ಪೈಪು ಹುಡುಕಬೇಡಿ, ಇಲ್ಲ.

ನಿಮ್ಮ 40ರ ಲೆಕ್ಕ ಸುಮಾರಾಗಿ ಹೀಗಿರಲಿ.

ಸೀತಾಫಲ, 10. ಚಿತ್ರದುರ್ಗದ ಕಲ್ಲುಗುಡ್ಡಗಳಲ್ಲಿ ಯಾರೂ ನೆಡದೆ ಬೆಳೆದಿದೆ. ಇದಕ್ಕಿಂತ ಸರ್ಟಿಫಿಕೇಟ್ ಬೇಕೆ? ದನ, ಮೇಕೆ ಸೊಪ್ಪಿಗೆ ಬಾಯಿ ಹಾಕುವುದಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ನೀರು ಉಳಿಸಿಕೊಳ್ಳುತ್ತದೆ. ಮೂರು–ನಾಲ್ಕು ವರ್ಷಕ್ಕೆ ಫಲ. ಬಾಲಾನಗರ ತಳಿ ಬೀಜದಿಂದಲೂ ಚೆನ್ನಾಗಿ ಬರುತ್ತದೆ. ಹೆಸರಘಟ್ಟದ ಐಐಎಚ್‌ಆರ್‌ನ 'ಅರ್ಕಾ ಸಹನ' ಕಸಿಗಿಡಕ್ಕೆ ಬೀಜ ಕಡಿಮೆ, ತಿರುಳು ಹೆಚ್ಚು.

ನುಗ್ಗೆ, 6. ಮೊದಲ ವರ್ಷವೇ ನಿಮ್ಮ ಉತ್ಸಾಹ ಉಳಿಸುವ ಗಿಡ. ಪಿಕೆಎಂ-1 ಅಥವಾ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ 'ಭಾಗ್ಯ' ಬಿತ್ತಿದರೆ ಆರೆಂಟು ತಿಂಗಳಲ್ಲಿ ಕಾಯಿ. ಸೊಪ್ಪು ಅದಕ್ಕೂ ಮೊದಲೇ ಸಾರಿಗೆ. ನೀರು ನಿಲ್ಲುವ ಗುಂಡಿಯಲ್ಲಿ ಮಾತ್ರ ಹಾಕಬೇಡಿ, ಬೇರು ಕೊಳೆಯುತ್ತದೆ.

ನೆಲ್ಲಿ, 4. ಒಂದೇ ತಳಿ ನಾಲ್ಕು ತರಬೇಡಿ. ನೆಲ್ಲಿ ತನ್ನದೇ ತಳಿಯ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಎನ್‌ಎ-7 ಎರಡು, ಕೃಷ್ಣವೋ ಕಾಂಚನವೋ ಎರಡು ಎಂದು ಬೆರೆಸಿ. "ಹೂ ಬಿಡ್ತದೆ, ಕಾಯಿ ನಿಲ್ಲಲ್ಲ" ಎನ್ನುವವರಲ್ಲಿ ಹಲವರು ಎಡವಿದ್ದು ಇಲ್ಲೇ.

ಎಲಚಿ, 4. ಉತ್ತರ ಕರ್ನಾಟಕದ ಬಾರೆಹಣ್ಣು. ಬೇಸಿಗೆಯಲ್ಲಿ ಮಲಗುತ್ತದೆ, ಮಳೆಗೆ ಏಳುತ್ತದೆ, ಚಳಿಗಾಲದಲ್ಲಿ ಹಣ್ಣು ಕೊಡುತ್ತದೆ. ನಮ್ಮ ಮಳೆಯ ಕ್ಯಾಲೆಂಡರಿಗೆ ಇಷ್ಟು ಸರಿಯಾಗಿ ಹೊಂದುವ ಹಣ್ಣು ಇನ್ನೊಂದಿಲ್ಲ.

ಕರಿಬೇವು 4, ಅಗಸೆ 4, ನೇರಳೆ 2, ಮಾವು 2, ನಿಂಬೆ 2, ಬೇವು 1. ನಿಂಬೆಗೆ ಉಳಿದವುಗಳಿಗಿಂತ ನೀರು ಬೇಕು, ಟ್ರೆಂಚಿನ ಪಕ್ಕದ ತಗ್ಗು ಜಾಗ ಅದಕ್ಕೆ. ಹುಣಸೆ ಒಂದೇ ಸಾಕು, ಉತ್ತರದ ಅಂಚಿಗೆ, ಪಕ್ಕದವರ ಬದುವಿನಿಂದ 20 ಅಡಿ ಒಳಗೆ. ದೊಡ್ಡದಾದಾಗ ನೆರಳು ನಿಮ್ಮ ಸೀತಾಫಲದ ಮೇಲೂ ಬೀಳಬಾರದು, ನೆರೆಯವರ ರಾಗಿಯ ಮೇಲೂ ಬೀಳಬಾರದು.

ಹಲಸು ಬೇಕೇ ಬೇಕು ಎನ್ನುವವರಿಗೆ: ನೆಲದ ಆಳ ನೋಡಿ ಧೈರ್ಯ ಮಾಡಿ. ಗುಬ್ಬಿ ತಾಲೂಕಿನ 'ಸಿದ್ದು ಹಲಸು' ಸಣ್ಣ ಹಣ್ಣು, ತಾಮ್ರಗೆಂಪು ತೊಳೆ, ಮನೆಗೆ ಹೇಳಿ ಮಾಡಿಸಿದ್ದು. ಆದರೆ ಬಂಡೆಯ ಮೇಲೆ ಒಂದಡಿ ಮಣ್ಣಿನಲ್ಲಿ ಅದನ್ನು ನೆಟ್ಟು ಅದೃಷ್ಟವನ್ನು ಬೈಯಬೇಡಿ.

8. ಜೂನ್ 5ರಂದು ಫೋಟೊಗಾಗಿ ನೆಡಬೇಡಿ

ಪರಿಸರ ದಿನದಂದು ಸಸಿ ನೆಟ್ಟು ಸ್ಟೇಟಸ್ ಹಾಕಿದರೆ ಲೈಕ್ ಬರುತ್ತದೆ. ಜುಲೈನಲ್ಲಿ ನಮ್ಮ ಕಡೆ ಬರೀ ಗಾಳಿ, ಮೋಡ, ಮಳೆ ಕೈಕೊಡುತ್ತದೆ. ಸಸಿ ಒಣಗುತ್ತದೆ. ಕೋಲಾರ, ತುಮಕೂರು, ಚಿತ್ರದುರ್ಗದ ಒಣ ತಾಲೂಕುಗಳಿಗೆ ದೊಡ್ಡ ಮಳೆ ಬರುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯಲ್ಲಿ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರಿನವರೆಗೆ. ಕೆಲಸವನ್ನು ಎರಡು ಕಂತು ಮಾಡಿ. ಆರಿದ್ರಾ ಮಳೆಗೆ ಬೀಜ. ಮಖೆ, ಹುಬ್ಬೆ ಮಳೆಗೆ ಸಸಿ. ಮುಂದೆ ಎರಡು ತಿಂಗಳು ಮಳೆ, ಆಮೇಲೆ ತಂಪು ಚಳಿ. ಬೇಸಿಗೆ ಬರುವ ಹೊತ್ತಿಗೆ ಬೇರಿಗೆ ಐದಾರು ತಿಂಗಳ ಅನುಭವ ಇರುತ್ತದೆ.

ಸಾಧ್ಯವಾದದ್ದನ್ನೆಲ್ಲ ಜಾಗದಲ್ಲೇ ಬಿತ್ತಿ. ಪಾಲಿಥಿನ್ ಚೀಲದಲ್ಲಿ ತಾಯಿಬೇರು ತಳಕ್ಕೆ ತಾಗಿ ಸುತ್ತಿಕೊಳ್ಳುತ್ತದೆ. ಜಾಗದಲ್ಲೇ ಮೊಳೆತ ಗಿಡದ ಬೇರು ಮೊದಲ ದಿನದಿಂದ ಬಿರುಕು ಹುಡುಕಿಕೊಂಡು ಕೆಳಗಿಳಿಯುತ್ತದೆ. ನುಗ್ಗೆ, ಅಗಸೆ, ಸೀತಾಫಲ, ಹುಣಸೆ, ನೇರಳೆ ಎಲ್ಲವೂ ಹೀಗೆ ಬರುತ್ತವೆ. ಹುಣಸೆ ಬೀಜವನ್ನು ಒಂದು ರಾತ್ರಿ ನೆನೆಸಿ. ನೇರಳೆ ಬೀಜ ಒಣಗಿದರೆ ಸತ್ತಂತೆ, ಹಣ್ಣು ತಿಂದ ವಾರದೊಳಗೆ ಬಿತ್ತಿ; ಹಣ್ಣಿನ ಕಾಲವೂ ಆರಿದ್ರಾದ ಕಾಲವೂ ಒಂದೇ, ಅನುಕೂಲ. ಗುಂಡಿಗೆ ಮೂರು ಬೀಜ, ಆಮೇಲೆ ಗಟ್ಟಿ ಸಸಿ ಒಂದನ್ನು ಉಳಿಸಿ.

ಒಳ್ಳೆಯ ತಳಿ ಬೇಕಲ್ಲ ಎನ್ನುತ್ತೀರಿ. ನಾಟಿ ಎಲಚಿ ಬೀಜ ಬಿತ್ತಿ ಬೇರು ಇಳಿಯಲು ಬಿಡಿ. ಮರುವರ್ಷ ಅದರ ಮೇಲೆ ಒಳ್ಳೆ ತಳಿಯ ಕಣ್ಣುಕಸಿ ಮಾಡಿಸಿ. ಒಣನೆಲದ ಎಲಚಿಗೆ ತಜ್ಞರು ಹೇಳುವುದೂ ಇದನ್ನೇ. ಮಾವು, ನೇರಳೆ, ಹುಣಸೆಗೂ ಇದೇ ದಾರಿ ಹಿಡಿಯಬಹುದು. ಕಸಿ ಕಟ್ಟುವುದನ್ನು ನೀವೇ ಕಲಿಯಿರಿ. ಪವರ್‌ಪಾಯಿಂಟ್ ಕಲಿತವರಿಗೆ ಇದು ದೊಡ್ಡ ವಿದ್ಯೆಯೇನಲ್ಲ.

ಕೊಳ್ಳಲೇಬೇಕಾದ ಸಸಿಗೆ ಮೊದಲು ತೋಟಗಾರಿಕೆ ಇಲಾಖೆಯ ನರ್ಸರಿ ನೋಡಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ರಿಯಾಯಿತಿ ದರಕ್ಕೆ ಸಿಗುತ್ತದೆ, ಬದುಕಿಸಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ಅರ್ಜಿಗೆ ಪಹಣಿ ಬೇಕು. ಆಳೆತ್ತರದ ಗಿಡ ನೋಡಿ ಮರುಳಾಗಬೇಡಿ. ಮೊಣಕಾಲೆತ್ತರದ್ದು ಬೇಗ ಹೊಂದಿಕೊಳ್ಳುತ್ತದೆ.

9. ಕಳೆ ಕೀಳುವ ಮೊದಲು ಅಜ್ಜಿಯನ್ನು ಕೇಳಿ

ಮಳೆ ಬಿದ್ದ ಮೇಲೆ ಟ್ರೆಂಚಿನ ಪಕ್ಕದಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಕನ್ನೆ, ಕಿರಕಸಾಲೆ, ಹೊನಗೊನ್ನೆ ತಾವಾಗಿ ಏಳುತ್ತವೆ. ಕೋಲಾರದ ಕಡೆಯವರಿಗೆ ಹೇಳಬೇಕಿಲ್ಲ: ಇದು ಬೆರಕೆಸೊಪ್ಪು, ಮಸ್ಸೊಪ್ಪಿನ ಸಾರಿನ ಮೂಲ ಬಂಡವಾಳ. ನೆಡದ, ಕಾಯದ, ಗೊಬ್ಬರ ಕೇಳದ ತರಕಾರಿ. ಗುರುತು ಗೊತ್ತಿರುವ ಹೆಂಗಸರನ್ನು ಕರೆದುಕೊಂಡು ಒಂದು ಸುತ್ತು ಹೋಗಿ, ಕಲಿಯಿರಿ. ಗುರುತು ಖಾತ್ರಿಯಿಲ್ಲದ್ದನ್ನು ತಿನ್ನಬೇಡಿ.

ನೀವಾಗಿ ಸೇರಿಸಬೇಕಾದವು ನಾಲ್ಕೈದು. ಕಲ್ಲಿನ ರಾಶಿಯ ಮೇಲೆ ಮಂಗರವಳ್ಳಿಯ ಒಂದು ಗೆಣ್ಣು ಎಸೆದರೂ ಹತ್ತುತ್ತದೆ. ಎಳೆಯದನ್ನು ಹುಣಸೆಹಣ್ಣಿನ ಜೊತೆ ಚೆನ್ನಾಗಿ ಹುರಿದು ಚಟ್ನಿ ಮಾಡಿ, ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ತುರಿಕೆ. ಬೇಲಿಗೆ ತೊಂಡೆ, ಚಪ್ಪರದವರೆ. ನಿಂಬೆಯ ನೆರಳಿಗೆ ದೊಡ್ಡಪತ್ರೆ, ಚಕ್ರಮುನಿ. ಚಕ್ರಮುನಿಯನ್ನು ಬೇಯಿಸಿ, ಮಿತವಾಗಿ ತಿನ್ನಿ. ತೈವಾನಿನಲ್ಲಿ 1990ರ ದಶಕದಲ್ಲಿ ತೂಕ ಇಳಿಸಲೆಂದು ಇದರ ಹಸಿರಸವನ್ನು ವಿಪರೀತ ಕುಡಿದವರು ಶ್ವಾಸಕೋಶ ಕೆಡಿಸಿಕೊಂಡರು. ಪಲ್ಯಕ್ಕೆ ಭಯವಿಲ್ಲ. ಡಯಟ್ ಹುಚ್ಚಿಗೆ ಇದೆ.

10. ಗೊಬ್ಬರದ ಫ್ಯಾಕ್ಟರಿ ಬದುವಿನ ಮೇಲೆ ಹಾಕಿ

ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯ, ಬದುವಿನ ಉದ್ದಕ್ಕೂ ಎರಡಡಿಗೆ ಒಂದು ಕಡ್ಡಿ ಊರಿ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ, ಎಲೆ ಬೇಗ ಕೊಳೆಯುತ್ತದೆ. ಎರಡನೇ ವರ್ಷದಿಂದ ಮಳೆಗಾಲದಲ್ಲಿ ಎರಡು ಸಲ ಮೂರಡಿ ಎತ್ತರಕ್ಕೆ ಸವರಿ, ಸೊಪ್ಪನ್ನು ಅಲ್ಲೇ ಗಿಡದ ಬುಡಕ್ಕೆ ಹಾಕಿ. ಹೊಂಗೆ ಸೊಪ್ಪೂ ಆದೀತು.

ಒಣ ಎಲೆಗೆ ಬೆಂಕಿ ಇಡುವ ಚಾಳಿ ಊರಲ್ಲಿದ್ದರೆ ಸಂಕ್ರಾಂತಿಯೊಳಗೆ ಜಮೀನಿನ ಸುತ್ತ ಆರಡಿ ಅಗಲಕ್ಕೆ ಹುಲ್ಲು ಕೆತ್ತಿಸಿ. ಎಲ್ಲೋ ಎಸೆದ ಬೀಡಿ ನಿಮ್ಮ ಮೂರು ವರ್ಷದ ಕೆಲಸಕ್ಕೆ ಫುಲ್‌ಸ್ಟಾಪ್ ಆಗಬಾರದು.

11. ಮೂರು ಬೇಸಿಗೆ, 40 ಮಡಕೆ

ಪ್ರತಿ ಗಿಡದ ಪಕ್ಕ, ಒಂದಡಿ ದೂರದಲ್ಲಿ, ಆರು ಲೀಟರ್ ಹಿಡಿಯುವ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂಳಿ. ಪಾಲಿಶ್ ಇಲ್ಲದ ಸಾದಾ ಮಡಕೆಯೇ ಆಗಬೇಕು. ನೀರು ಗೋಡೆಯ ಮೂಲಕ ಜಿನುಗಿ ನೇರ ಬೇರಿಗೆ ಹೋಗುತ್ತದೆ. ಬಿಸಿಲಿಗೆ ಆರುವುದು ತೀರಾ ಕಡಿಮೆ. ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿ, ಸೊಳ್ಳೆ ಬರುವುದಿಲ್ಲ. 40 ಮಡಕೆಗೆ ಒಂದು ಸುತ್ತಿಗೆ 240 ಲೀಟರ್. ಗೂಡ್ಸ್ ಆಟೋದಲ್ಲಿ ಎರಡು ಡ್ರಮ್ ತಂದರೂ ಮಿಗುತ್ತದೆ.

ಮೊದಲ ಬೇಸಿಗೆ ವಾರಕ್ಕೊಮ್ಮೆ. ಎರಡನೆಯದು ಹದಿನೈದು ದಿನಕ್ಕೊಮ್ಮೆ. ಮೂರನೆಯದು ತಿಂಗಳಿಗೊಮ್ಮೆ. ಆಮೇಲೆ ನಿಲ್ಲಿಸಿ, ನಿಂಬೆಗೆ ಮಾತ್ರ ಮುಂದುವರಿಸಿ. ಪ್ರೀತಿ ಹೆಚ್ಚಾಗಿ ದಿನಾ ಮೇಲೆ ಮೇಲೆ ನೀರು ಚಿಮುಕಿಸುವವರ ಗಿಡದ ಬೇರು ಮೇಲೆಯೇ ಉಳಿಯುತ್ತದೆ. ಕೆಳಗೆ ನೀರು ಹುಡುಕುವ ಕೆಲಸ ಬೇರಿಗೇ ಬಿಡಿ.

ಕೆಲವು ಗಿಡ ಸಾಯುತ್ತವೆ. ಬೇಜಾರಿಗೆ ಟೈಮ್ ಹಾಕಬೇಡಿ. ಆರಂಭದಲ್ಲೇ ನೂರಕ್ಕೆ ಇಪ್ಪತ್ತು ಸಸಿ ಹೆಚ್ಚಿಗೆ ಇಟ್ಟುಕೊಳ್ಳಿ. ಒಂದೇ ಗುಂಡಿಯಲ್ಲಿ ಎರಡು ಸಲ ಸತ್ತರೆ ಅಲ್ಲಿ ಹಟ ಬಿಡಿ, ಪಾಪಸುಕಳ್ಳಿ ಇಡಿ. ಅದರ ಹಣ್ಣೂ ತಿನ್ನುವಂಥದ್ದೇ.

12. ವರ್ಷಕ್ಕೆ ಮೂರು ಸಲ ಕತ್ತರಿ ಹಿಡಿಯಿರಿ

ನುಗ್ಗೆ ಮೂರಡಿ ಆದಾಗ ತುದಿ ಚಿವುಟಿ. ಬಿಟ್ಟರೆ 20 ಅಡಿ ಏರುತ್ತದೆ, ಕಾಯಿ ಕೋತಿಗಳ ಪಾಲು. ಪ್ರತಿವರ್ಷ ಫಸಲು ಮುಗಿದ ಮೇಲೆ ಮತ್ತೆ ಮೂರಡಿಗೆ ಕತ್ತರಿಸಿ. ಎಲಚಿಯನ್ನು ಏಪ್ರಿಲ್–ಮೇನಲ್ಲಿ, ಎಲೆ ಉದುರಿ ಮಲಗಿದಾಗ ಗಟ್ಟಿಯಾಗಿ ಸವರಿ. ಹೊಸ ರೆಂಬೆಯಲ್ಲೇ ಹಣ್ಣು. ಕಸಿಗಿಡಗಳಲ್ಲಿ ಕಸಿಗಂಟಿನ ಕೆಳಗೆ ಬಂದ ಚಿಗುರನ್ನು ಕಂಡ ಕೂಡಲೇ ಮುರಿಯಿರಿ, ಕರುಣೆ ಬೇಡ.

ಸೀತಾಫಲದಲ್ಲಿ ಹೂ ಬಹಳ, ಕಾಯಿ ಕಡಿಮೆ. ಹೂವಿನ ಹೆಣ್ಣುಭಾಗ ಮೊದಲು ಪಕ್ವವಾಗುತ್ತದೆ, ಪರಾಗ ಆಮೇಲೆ ಉದುರುತ್ತದೆ, ಅದಕ್ಕೇ. ಬೆಳಗ್ಗೆ ಬೇಗ ಎದ್ದು ಅರಳಿದ ಹೂವಿನ ಪರಾಗವನ್ನು ಸಣ್ಣ ಬ್ರಷ್‌ನಿಂದ ಅರೆಬಿರಿದ ಹೂವಿಗೆ ಮುಟ್ಟಿಸಿ. 10 ಗಿಡಕ್ಕೆ ಒಂದು ಭಾನುವಾರದ ಬೆಳಿಗ್ಗೆ ಸಾಕು, ಕಾಯಿಯ ಸಂಖ್ಯೆಯೂ ಆಕಾರವೂ ಬದಲಾಗುತ್ತದೆ.

13. ಮಿಕ್ಕಿದ್ದನ್ನು ಮಾರಿ

ಐದನೇ ವರ್ಷದಿಂದ ಮನೆಯವರು ತಿಂದು ಮುಗಿಸಲಾಗದಷ್ಟು ಬರುತ್ತದೆ. ಹಂಚಿ, ಸಂತೋಷ. ಮಾರಿ, ಇನ್ನೂ ಸಂತೋಷ. ನೆಲ್ಲಿಕಾಯಿ ಚಳಿಗಾಲದಲ್ಲಿ ಒಟ್ಟಿಗೆ ಬರುತ್ತದೆ, ಉಪ್ಪಿನಲ್ಲಿಟ್ಟರೆ ವರ್ಷ ತಡೆಯುತ್ತದೆ. ಹುಣಸೆ ಕುಟ್ಟಿ ಉಂಡೆ ಕಟ್ಟಿದರೆ ಅವಸರವೇ ಇಲ್ಲ. ಸೀತಾಫಲಕ್ಕೆ ಮಾತ್ರ ಟೈಮಿಂಗ್ ಮುಖ್ಯ: ಕಣ್ಣುಗಳ ನಡುವಿನ ಗೆರೆ ಬಿಳಿಹಳದಿಯಾಗಿ ಬಿರಿದಾಗ ಕೀಳಿ. ಭಾನುವಾರ ಕಿತ್ತು ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಜೋಡಿಸಿದರೆ ಬುಧವಾರ, ಗುರುವಾರಕ್ಕೆ ಆಫೀಸಿನಲ್ಲಿ ಹಣ್ಣು ರೆಡಿ. ವಾಟ್ಸ್ಯಾಪ್ ಗುಂಪಿನಲ್ಲಿ ಸೋಮವಾರವೇ ಆರ್ಡರ್ ತೆಗೆದುಕೊಳ್ಳಿ. ದರ ಹೇಳಲು ಸಂಕೋಚಪಡಬೇಡಿ, ಮ್ಯಾನೇಜರಿಗೂ ಅದೇ ದರ.